ಪುಡಿ ಚಹಾದ ಪರವಾಗಿ

ಹಾಲು ಹಾಕಿ ಕುದಿಸಿದ ಚಹಾ ಚಹಾವೇ ಅಲ್ಲ ಎಂಬ ಮಾತು ಈಚೆಗೆ ನಮ್ಮ ನಗರಗಳಲ್ಲಿ ಹೆಚ್ಚು ಕೇಳಿಬರುತ್ತಿದೆ. ಹೇಳುವವರು ಚಹಾವನ್ನು ಬಲ್ಲವರು, ಪ್ರೀತಿಸುವವರು. ಅವರ ನಾಲಿಗೆಯ ಬಗ್ಗೆ ನನಗೆ ಗೌರವವಿದೆ. ಮಾರ್ಚ್ ತಿಂಗಳಲ್ಲಿ ಕೊಯ್ದ ಡಾರ್ಜಿಲಿಂಗ್‌ನ ಮೊದಲ ಚಿಗುರನ್ನು ಬಿಸಿನೀರಿನಲ್ಲಿ ಮೂರು ನಿಮಿಷ ನೆನೆಸಿ, ಹಾಲು ಸಕ್ಕರೆ ಸೋಕಿಸದೆ ಕುಡಿದವರು ಆ ಘಮವನ್ನು ಮರೆಯುವುದಿಲ್ಲ. ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ.

ನನ್ನ ತಕರಾರು ಅಲ್ಲಿಂದ ಮುಂದಿನ ಮಾತಿನ ಮೇಲೆ. ಇಡೀ ಎಲೆಯ ಚಹಾ ಮೇಲು, ಪುಡಿಯಾದಷ್ಟೂ ಕೀಳು ಎನ್ನುತ್ತಾರೆ. ಸಿಟಿಸಿ ಯಂತ್ರದಲ್ಲಿ ಹಿಂಡಿ ಹರಿದ ಕಾಳು ಚಹಾ ಪರಂಪರೆಯನ್ನು ಕೆಡಿಸಿದ ಅಗ್ಗದ ಉಪಾಯ ಎನ್ನುತ್ತಾರೆ. ಹಾಲು, ಶುಂಠಿ, ಏಲಕ್ಕಿ ಇವೆಲ್ಲ ಆ ಅಗ್ಗದ ರುಚಿಯನ್ನು ಮುಚ್ಚಿಡಲು ಹುಟ್ಟಿಕೊಂಡವು ಎನ್ನುತ್ತಾರೆ. ಭಾರತದಲ್ಲಿ ತಯಾರಾಗುವ ಚಹಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸಿಟಿಸಿ. ಈ ತೀರ್ಪು ನಿಜವಾದರೆ ನಮ್ಮ ದೇಶ ಹೆಚ್ಚುಕಡಿಮೆ ಇಡಿಯಾಗಿ ಕೆಟ್ಟ ಚಹಾ ಕುಡಿಯುತ್ತಿದೆ ಎಂದಾಗುತ್ತದೆ. ಅಷ್ಟು ದೊಡ್ಡ ತೀರ್ಪನ್ನು ಒಪ್ಪುವ ಮೊದಲು ಅದರ ಆಧಾರಗಳನ್ನು ಒಂದಿಷ್ಟು ಅಲುಗಾಡಿಸಿ ನೋಡುವುದು ನ್ಯಾಯ.

ಮೊದಲು ದರ್ಜೆಯ ವಿಚಾರ. ಡಬ್ಬಿಯ ಮೇಲೆ ಆರೆಂಜ್ ಪೆಕೋ ಎಂದೋ ಬ್ರೋಕನ್ ಆರೆಂಜ್ ಪೆಕೋ ಎಂದೋ ಬರೆದಿರುತ್ತದೆ. ನಮ್ಮ ಅಂಗಡಿಗಳಲ್ಲಿ ಸಡಿಲವಾಗಿ ತೂಗಿ ಕೊಡುವುದು ಡಸ್ಟ್. ಮೊದಲನೆಯದು ಉತ್ತಮ, ಕೊನೆಯದು ಕನಿಷ್ಠ ಎಂಬ ನಂಬಿಕೆ ಬೇರೂರಿದೆ. ಆದರೆ ಈ ಹೆಸರುಗಳು ಮುಖ್ಯವಾಗಿ ಜರಡಿಯ ಲೆಕ್ಕ. ಒಣಗಿದ ಚಹಾವನ್ನು ಕಾರ್ಖಾನೆಯಲ್ಲಿ ಬೇರೆ ಬೇರೆ ಕಣ್ಣಿನ ಜಾಲರಿಗಳ ಮೇಲೆ ಆಡಿಸುತ್ತಾರೆ. ಯಾವ ಜಾಲರಿಯಲ್ಲಿ ಉಳಿಯಿತೋ ಆ ಹೆಸರು. ಒಂದೇ ತೋಟದ, ಒಂದೇ ದಿನದ ಕೊಯ್ಲಿನಿಂದ ದಪ್ಪ ಕಾಳೂ ಬರುತ್ತದೆ, ಡಸ್ಟೂ ಬರುತ್ತದೆ. ಒಂದೇ ಗೋಧಿಯಿಂದ ಚಿರೋಟಿ ರವೆಯೂ ಉಪ್ಪಿಟ್ಟಿನ ರವೆಯೂ ಬರುತ್ತವೆ. ಸಣ್ಣಗಿದೆ ಎಂದು ಚಿರೋಟಿ ರವೆಯನ್ನು ಕೀಳೆಂದವರಿಲ್ಲ. ಒಳ್ಳೆಯ ತೋಟದ ಡಸ್ಟ್ ಕೆಟ್ಟ ತೋಟದ ಇಡೀ ಎಲೆಗಿಂತ ಹೆಚ್ಚು ಬೆಲೆಗೆ ಹೋಗುವುದು ಹರಾಜುಕಟ್ಟೆಯಲ್ಲಿ ಹೊಸ ಸಂಗತಿಯಲ್ಲ.

ಇನ್ನು ಡಸ್ಟ್ ಎಂದರೆ ಕಾರ್ಖಾನೆಯ ನೆಲ ಗುಡಿಸಿ ತುಂಬಿದ ಕಸ ಎಂಬ ಮಾತು. ಓದಿದವರೂ ಇದನ್ನು ನಂಬುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಕಾರ್ಖಾನೆಯಲ್ಲಿ ಉಳಿಯುವ ನಾರು, ಕಡ್ಡಿ, ಗುಡಿಸಿದ ಪುಡಿಗೆ ಕಾನೂನಿನಲ್ಲಿ ಬೇರೆಯೇ ಸ್ಥಾನವಿದೆ. ಅದು ‘ಚಹಾ ತ್ಯಾಜ್ಯ’. ಅದರ ದಾಸ್ತಾನು, ಮಾರಾಟವನ್ನು ಹಿಡಿತದಲ್ಲಿಡಲು 1959ರಷ್ಟು ಹಿಂದೆಯೇ ಆದೇಶ ಬಂದಿದೆ, ವ್ಯವಹರಿಸುವವರಿಗೆ ಪರವಾನಗಿ ಬೇಕು. ಕೆಫೀನ್ ತೆಗೆಯುವಂಥ ಕೆಲಸಕ್ಕೆ ಅದು ಹೋಗುತ್ತದೆ. ಕಳ್ಳದಾರಿಯಲ್ಲಿ ಅದನ್ನು ಚಹಾಕ್ಕೆ ಬೆರೆಸುವವರು ಇಲ್ಲವೆಂದಲ್ಲ. ಆದರೆ ಕಲಬೆರಕೆಯ ತಪ್ಪನ್ನು ಕಾಳಿನ ಗಾತ್ರದ ಮೇಲೆ ಹೊರಿಸುವುದು ಸರಿಯಲ್ಲ. ದಕ್ಷಿಣ ಭಾರತದಲ್ಲಿ ಡಸ್ಟಿಗೆ ಅದರದೇ ಮಾರುಕಟ್ಟೆ, ಅದರದೇ ರುಚಿ ನೋಡುವವರು ಇದ್ದಾರೆ. ಕೊಚ್ಚಿಯ ಹರಾಜು ಹೆಸರಾಗಿರುವುದೇ ಡಸ್ಟಿಗೆ.

ಇಲ್ಲಿನ ಹೋಟೆಲುಗಳು ಡಸ್ಟನ್ನು ಆರಿಸಿಕೊಂಡದ್ದರ ಹಿಂದೆ ಒಂದು ತರ್ಕವೂ ಇದೆ. ಕಣ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು, ರಸ ಬೇಗ ಇಳಿಯುತ್ತದೆ. ಬಟ್ಟೆಯ ಚೀಲದಲ್ಲಿ ಪುಡಿ ಹಾಕಿ, ಕುದಿನೀರು ಹೊಯ್ದು, ಒಂದೆರಡು ನಿಮಿಷದಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ, ಕಾದ ಹಾಲಿಗೆ ಬೆರೆಸುವ ಕ್ರಮಕ್ಕೆ ಇಡೀ ಎಲೆ ಒಗ್ಗುವುದೇ ಇಲ್ಲ. ಕಾಳಿನ ಗಾತ್ರವನ್ನು ತೀರ್ಮಾನಿಸುವುದು ಕಾಯಿಸುವ ವಿಧಾನ. ವಿಧಾನವನ್ನು ಬಿಟ್ಟು ಗಾತ್ರವನ್ನು ಮಾತ್ರ ಅಳೆದರೆ ಅಳತೆ ತಪ್ಪುತ್ತದೆ.

ಎರಡನೆಯದು ಪರಂಪರೆ. ಸಿಟಿಸಿ ಹೊಸದು, ಯಂತ್ರದ್ದು. ‘ಆರ್ಥೊಡಾಕ್ಸ್’ ಚಹಾ ಹಳೆಯದು, ಕೈಯದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಸಿಟಿಸಿ ಯಂತ್ರವನ್ನು ವಿಲಿಯಂ ಮೆಕರ್ಚರ್ ಅಸ್ಸಾಮಿನ ಆಮ್ಗುರಿ ತೋಟದಲ್ಲಿ ರೂಪಿಸಿದ್ದು 1930ರಲ್ಲಿ, ನಿಜ. ಹಲ್ಲುಗಳಿರುವ ಎರಡು ಉರುಳೆಗಳು ಎದುರುಬದುರಾಗಿ, ಒಂದು ನಿಧಾನ ಇನ್ನೊಂದು ವೇಗವಾಗಿ ತಿರುಗುತ್ತವೆ. ನಡುವೆ ಸಿಕ್ಕ ಎಲೆ ಹಿಂಡಿ, ಹರಿದು, ಸುರುಳಿಯಾಗಿ ಹೊರಬರುತ್ತದೆ. ಆದರೆ ಆರ್ಥೊಡಾಕ್ಸ್ ಎಲೆಯನ್ನು ಹೊಸೆಯುವ ಯಂತ್ರವೂ ಯಂತ್ರವೇ. ಭಾರತದ ತೋಟಗಳಿಗೆ ವಿಲಿಯಂ ಜಾಕ್ಸನ್‌ನ ಹೊಸೆಯುವ ಯಂತ್ರಗಳು, ಬೆಲ್‌ಫಾಸ್ಟ್‌ನ ಸ್ಯಾಮ್ಯುಯೆಲ್ ಡೇವಿಡ್‌ಸನ್‌ನ ಸಿರೊಕೊ ಒಣಗಿಸುವ ಯಂತ್ರಗಳು ಬಂದದ್ದು 1870ರ ದಶಕದಿಂದ ಈಚೆಗೆ. ಇಂದು ಡಾರ್ಜಿಲಿಂಗ್‌ನ ದುಬಾರಿ ಡಬ್ಬಿಯೊಳಗಿನ ಎಲೆಯೂ ಸಾಮಾನ್ಯವಾಗಿ ಹೀಗೆ ಯಂತ್ರದಲ್ಲೇ ಹೊಸೆದದ್ದು. ಒಂದು ಯಂತ್ರಕ್ಕೆ ಪರಂಪರೆಯ ಪಟ್ಟ ಕೊಟ್ಟು, ಅರ್ಧ ಶತಮಾನ ತಡವಾಗಿ ಬಂದ ಇನ್ನೊಂದನ್ನು ಹೊರಗಿಡುವುದಕ್ಕೆ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಪ್ಪು ಚಹಾವೇ ತಡವಾಗಿ ಬಂದ ಅತಿಥಿ. ಚೀನಾದಲ್ಲಿ ಚಹಾ ಸಾವಿರಾರು ವರ್ಷಗಳದ್ದು. ಆದರೆ ಪೂರ್ತಿ ಕಪ್ಪಾಗಿಸಿದ ಚಹಾ ಫುಜಿಯಾನ್ ಪ್ರಾಂತದ ವುಯಿ ಬೆಟ್ಟಗಳ ಟೊಂಗ್‌ಮು ಹಳ್ಳಿಯ ಸುತ್ತ ರೂಪುಗೊಂಡದ್ದು ಹದಿನೇಳನೆಯ ಶತಮಾನದಲ್ಲಿ. ಅನ್‌ಹುಯಿಯ ಪ್ರಸಿದ್ಧ ಕೀಮುನ್ ಚಹಾ 1875ರ ಹೊತ್ತಿನದು, ಯುನ್ನಾನಿನ ಕಪ್ಪು ಚಹಾ 1930ರ ದಶಕದ ಕೊನೆಯದು. ಅಂದರೆ ಅದು ನಮ್ಮ ಸಿಟಿಸಿಗಿಂತಲೂ ಕಿರಿಯ. ಯೂರೋಪಿನವರಿಗಂತೂ ಬಹುಕಾಲ ಹಸಿರು ಚಹಾ, ಕಪ್ಪು ಚಹಾ ಒಂದೇ ಗಿಡದವು ಎಂಬುದೇ ತಿಳಿದಿರಲಿಲ್ಲ. ಲಿನೇಯಸ್‌ನಂಥ ಸಸ್ಯವಿಜ್ಞಾನಿ ಅವನ್ನು ಎರಡು ಜಾತಿಗಳೆಂದು ಬರೆದಿದ್ದ. 1840ರ ದಶಕದಲ್ಲಿ ಚೀನಾದ ತೋಟಗಳನ್ನು ಕಣ್ಣಾರೆ ಕಂಡ ರಾಬರ್ಟ್ ಫಾರ್ಚೂನ್ ಆ ತಪ್ಪನ್ನು ತಿದ್ದಿದ.

ತಿಳಿದವರ ತಾತ್ಸಾರ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಅಸ್ಸಾಮಿನ ಗಿಡದ ಕಥೆಯೇ ಸಾಕ್ಷಿ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿ ಸಿಂಗ್ಫೋ ಮುಖ್ಯಸ್ಥ ಬೀಸಾ ಗಾಮ್‌ನಿಂದ ಅಲ್ಲಿನ ಚಹಾ ಗಿಡದ ವಿಚಾರ ತಿಳಿದುಕೊಂಡ. ದಾರಿ ತೋರಿದವನು ಮಣಿರಾಮ್ ದಿವಾನ್ ಎನ್ನುತ್ತಾರೆ. ಸಿಂಗ್ಫೋ ಜನ ತಮ್ಮ ಕಾಡಿನ ಎಲೆಯನ್ನು ಒಣಗಿಸಿ, ಬಿದಿರಿನ ಕೊಳವೆಯಲ್ಲಿ ತುಂಬಿ ಹೊಗೆಗೆ ಕಟ್ಟಿ ಚಹಾ ಮಾಡಿಕೊಳ್ಳುತ್ತಿದ್ದರು. ಆದರೂ ಕಂಪನಿ ಸರಕಾರ 1834ರಲ್ಲಿ ಚಹಾ ಸಮಿತಿ ನೇಮಿಸಿದಾಗ ಬೀಜ ತರಲು ಚೀನಾಕ್ಕೇ ಆಳು ಹೋದ. ಅಸ್ಸಾಮಿನದು ಕಾಡುಗಿಡ, ಚೀನಾದ್ದು ಪಳಗಿದ ಕುಲೀನ ಗಿಡ ಎಂಬುದು ತಜ್ಞರಲ್ಲಿ ಹಲವರ ನಿಲುವಾಗಿತ್ತು. ಅಸ್ಸಾಮಿನ ಬಿಸಿಲು ಮಳೆಗೆ ಆ ಕುಲೀನ ಗಿಡ ಒಗ್ಗಲಿಲ್ಲ. 1839ರ ಜನವರಿಯಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಗಮನ ಸೆಳೆದದ್ದು ಸ್ಥಳೀಯ ಗಿಡದ ಎಲೆಯಿಂದ ಮಾಡಿದ ಎಂಟು ಪೆಟ್ಟಿಗೆ ಚಹಾ. ಮುಂದೆ ಶ್ರೀಲಂಕಾದಿಂದ ಕೀನ್ಯಾದವರೆಗೆ ಹಬ್ಬಿದ್ದೂ ಹೆಚ್ಚಾಗಿ ಅಸ್ಸಾಮಿನ ಈ ದೊಡ್ಡೆಲೆಯ ವಂಶವೇ. ಚೀನೀ ಗಿಡ ಗೆದ್ದದ್ದು ಡಾರ್ಜಿಲಿಂಗ್‌ನ ತಂಪಿನಲ್ಲಿ. ಎರಡೂ ಗಿಡಗಳಿಗೆ ಅವುಗಳದೇ ನೆಲೆಯಿದೆ. ಒಂದರ ಅಳತೆಗೋಲು ಇನ್ನೊಂದಕ್ಕೆ ಹೊಂದಲಿಲ್ಲ.

ರುಚಿಯ ವಿಚಾರದಲ್ಲೂ ಇದೇ ನಡೆಯುತ್ತಿದೆ ಎಂಬುದು ನನ್ನ ವಾದ.

ಚಹಾ ಕಪ್ಪಾಗುವುದು ಹೇಗೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೊಯ್ದ ಎಲೆಯನ್ನು ಸುಮಾರು ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸುತ್ತಾರೆ. ಆಮೇಲೆ ಹೊಸೆದಾಗ ಅಥವಾ ಹರಿದಾಗ ಎಲೆಯ ಕೋಶಗಳು ಒಡೆದು, ಒಳಗೆ ಬೇರೆ ಬೇರೆಯಾಗಿದ್ದ ಕ್ಯಾಟೆಚಿನ್‌ಗಳೂ ಕಿಣ್ವವೂ ಗಾಳಿಯ ಆಮ್ಲಜನಕದ ಎದುರು ಸೇರುತ್ತವೆ. ಹಸಿರು ತಾಮ್ರವಾಗುತ್ತದೆ, ತಾಮ್ರ ಕಂದಾಗುತ್ತದೆ. ಮೊದಲು ಹುಟ್ಟುವುದು ಥಿಯಾಫ್ಲೇವಿನ್: ಬಂಗಾರದ ಬಣ್ಣ, ನಾಲಿಗೆಯನ್ನು ಎಚ್ಚರಿಸುವ ಚುರುಕು, ಹಿತವಾದ ಒಗರು ಇದರಿಂದ. ಹೊತ್ತು ಸರಿದಂತೆ ಹೆಚ್ಚುವುದು ಥಿಯಾರುಬಿಜಿನ್: ಕೆಂಗಂದು ಬಣ್ಣ, ಗಟ್ಟಿತನ ಇದರಿಂದ. ಆರ್ಥೊಡಾಕ್ಸ್ ವಿಧಾನದಲ್ಲಿ ಕೋಶಗಳು ಕಡಿಮೆ ಒಡೆಯುತ್ತವೆ, ಕೆಲಸ ನಿಧಾನ, ಘಮದ ಎಣ್ಣೆಗಳಿಗೆ ಅವಕಾಶ ಹೆಚ್ಚು. ಸಿಟಿಸಿಯಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಒಮ್ಮೆಲೇ ಒಡೆಯುವುದರಿಂದ ಗಂಟೆ ಒಂದೂವರೆ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಘಮ ಒಂದಿಷ್ಟು ಹೋಗುತ್ತದೆ, ಚುರುಕೂ ಬಣ್ಣವೂ ಗಟ್ಟಿತನವೂ ಬರುತ್ತವೆ. ಇಲ್ಲಿ ಒಂದು ಗುಣವನ್ನು ಕೊಟ್ಟು ಇನ್ನೊಂದನ್ನು ಪಡೆದಿದ್ದಾರೆ. ಇದನ್ನು ನಷ್ಟ ಎಂದಷ್ಟೇ ಬರೆದರೆ ಲೆಕ್ಕದ ಒಂದು ಬದಿಯನ್ನು ಮಾತ್ರ ಓದಿದಂತೆ.

ಪಡೆದ ಈ ಗುಣ ಪೂರ್ತಿ ಅರಳುವುದು ಹಾಲಿನ ಜತೆಗೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಳ್ಳುತ್ತದೆ. ಬರಿನೀರಿನಲ್ಲಿ ಬಾಯಿ ಒಣಗಿಸುವಷ್ಟು ಒಗರಾದ ಅಸ್ಸಾಂ ಸಿಟಿಸಿ ಹಾಲು ಬಿದ್ದಕೂಡಲೇ ಮೆದುವಾಗಿ, ಹುರಿದ ಧಾನ್ಯವನ್ನು ನೆನಪಿಸುವ ಅದರ ಸವಿ ಮೇಲೆ ಬರುತ್ತದೆ. ಒಳ್ಳೆಯ ಸಿಟಿಸಿಗೆ ಹಾಲು ಹಾಕಿ ನೋಡಿ: ಬಣ್ಣ ಕಿತ್ತಳೆಯ ಕಡೆಗೆ ತಿರುಗಿ ಹೊಳೆಯುತ್ತದೆ. ಕೆಟ್ಟದಕ್ಕೆ ಹಾಕಿದರೆ ಬೂದು ಬಣ್ಣಕ್ಕೆ ಮಂಕಾಗುತ್ತದೆ. ಹಾಲು ದೋಷವನ್ನು ಮುಚ್ಚುತ್ತದೆ ಎನ್ನುವವರು ಈ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಬೇಕೆಂದು ನನ್ನ ವಿನಂತಿ. ಚಹಾದ ರುಚಿ ನೋಡುವುದಕ್ಕೆಂದೇ ಇರುವ ಐಎಸ್ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡ, ನೂರು ಮಿಲಿಲೀಟರು ಕುದಿನೀರಿಗೆ ಎರಡು ಗ್ರಾಂ ಚಹಾ, ಆರು ನಿಮಿಷ ಎಂದು ಹೇಳಿದ ಮೇಲೆ, ಹಾಲು ಬೆರೆಸಿ ನೋಡುವ ಕ್ರಮವನ್ನೂ ವಿವರಿಸುತ್ತದೆ. ಹಾಲು ಚಹಾದ ಶತ್ರು ಎಂದಾಗಿದ್ದರೆ ಅದಕ್ಕೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಮೊದಲ ಚಿಗುರಿನ ಡಾರ್ಜಿಲಿಂಗ್‌ಗೆ ಹಾಲು ಹಾಕಿದರೆ ಮಾತ್ರ ಹಣವೂ ಚಹಾವೂ ಹಾಳು. ಅದನ್ನು ಗಟ್ಟಿಯಾಗಿ ಬಾಡಿಸುವುದರಿಂದ ಎಲೆ ಪೂರ್ತಿ ಕಪ್ಪಾಗುವುದೇ ಇಲ್ಲ. ಹೂವಿನಂಥ ಹಗುರ ಘಮವೇ ಅದರ ಸಂಪತ್ತು, ಹಾಲು ಅದನ್ನು ನುಂಗಿಬಿಡುತ್ತದೆ. ಈ ಮಾತಿನಲ್ಲಿ ಚಹಾ ಬಲ್ಲವರು ಸರಿ. ಆ ಒಂದು ಚಹಾದ ನಿಯಮವನ್ನು ಎಲ್ಲ ಚಹಾಗಳ ಧರ್ಮವೆಂದು ಸಾರುವುದನ್ನಷ್ಟೇ ನಾನು ಒಪ್ಪುವುದಿಲ್ಲ.

ಏಕೆಂದರೆ ಕಪ್ಪು ಚಹಾಕ್ಕೆ ಒಂದೇ ರುಚಿಯ ಏಣಿ ಎಂದೂ ಇರಲಿಲ್ಲ. ಡಾರ್ಜಿಲಿಂಗ್‌ನಲ್ಲಿಯೇ ಮೇ-ಜೂನ್ ತಿಂಗಳ ಎರಡನೆಯ ಚಿಗುರಿಗೆ ಮಸ್ಕತ್ ದ್ರಾಕ್ಷಿಯ ಪರಿಮಳ ಬರುವುದು ಹಸಿರು ಜಿಗಿಹುಳು ಎಲೆಯ ರಸ ಹೀರಿದಾಗ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಹುಟ್ಟಿಸುವ ವಸ್ತುಗಳೇ ಆ ಪರಿಮಳಕ್ಕೆ ಮೂಲ. ಶ್ರೀಲಂಕಾದ ಉವಾ ಪ್ರದೇಶದಲ್ಲಿ ಜುಲೈನಿಂದ ಸೆಪ್ಟೆಂಬರಿನವರೆಗೆ ಒಣಗಾಳಿ ಬೀಸುವಾಗಿನ ಚಹಾಕ್ಕೆ ಮೂಗಿಗೆ ತಂಪು ಹೊಡೆಯುವಂಥ ಘಾಟು. ನೀಲಗಿರಿಯ ಡಿಸೆಂಬರ್-ಫೆಬ್ರವರಿಯ ಇಬ್ಬನಿ ಕಾಲದ ಚಹಾ ತಿಳಿ, ಚುರುಕು, ಪರಿಮಳದ್ದು. ಗಟ್ಟಿ ಅಸ್ಸಾಂ ಚಹಾ ತಣಿದಾಗ ಕೆನೆಗಟ್ಟಿದಂತೆ ಮೋಡವಾಗುತ್ತದೆ. ನೀಲಗಿರಿಯದು ತಣಿದರೂ ತಿಳಿಯಾಗಿ ಉಳಿಯುವುದು ಹೆಚ್ಚು, ಆದ್ದರಿಂದ ಐಸ್ ಟೀಗೆ ಹೇಳಿಮಾಡಿಸಿದ್ದು. ಟೊಂಗ್‌ಮುವಿನ ಲ್ಯಾಪ್ಸಾಂಗ್ ಸೂಚಾಂಗ್ ಅನ್ನು ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸುತ್ತಾರೆ, ಆ ಹೊಗೆಯ ವಾಸನೆಗಾಗಿಯೇ ಜನ ದುಡ್ಡು ಕೊಡುತ್ತಾರೆ. ಅರ್ಲ್ ಗ್ರೇಗೆ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆ ಬೀಳುತ್ತದೆ. ಪೈನ್ ಹೊಗೆಯೂ ಬರ್ಗಮಾಟ್ ಎಣ್ಣೆಯೂ ಎಲೆಯೊಳಗೆ ಇದ್ದವಲ್ಲ. ಅವು ಅಭಿರುಚಿ ಎನಿಸಿಕೊಂಡು, ಧಾರವಾಡದ ಅಂಗಡಿಯವನು ಜಜ್ಜಿ ಹಾಕುವ ಹಸಿಶುಂಠಿ ಮಾತ್ರ ಮರೆಮಾಚುವ ಮಸಾಲೆ ಎನಿಸಿಕೊಳ್ಳುವುದು ಯಾವ ನ್ಯಾಯ?

ಶುಂಠಿಯ ವಿಚಾರಕ್ಕೆ ಬಂದರೆ ಇತಿಹಾಸವೂ ನಮ್ಮ ಕಡೆಗಿದೆ. ಎಂಟನೆಯ ಶತಮಾನದಲ್ಲಿ ಚೀನಾದ ಲು ಯು ಚಹಾದ ಬಗ್ಗೆ ಒಂದು ಶಾಸ್ತ್ರಗ್ರಂಥ ಬರೆದ. ಈರುಳ್ಳಿ, ಶುಂಠಿ, ಬೋರೆಹಣ್ಣು, ಕಿತ್ತಳೆ ಸಿಪ್ಪೆ ಹಾಕಿ ಚಹಾ ಕುದಿಸುವವರನ್ನು ಅದರಲ್ಲಿ ಕಟುವಾಗಿ ಟೀಕಿಸಿದ್ದಾನೆ. ಟೀಕೆ ಇತ್ತೆಂದರೆ ರೂಢಿ ಇತ್ತೆಂದೇ ಅರ್ಥ. ಆ ಲು ಯು ಕೂಡ ಚಹಾವನ್ನು ಕುದಿಸಿಯೇ ಮಾಡುತ್ತಿದ್ದ, ಅದಕ್ಕೆ ಉಪ್ಪನ್ನೂ ಹಾಕುತ್ತಿದ್ದ. ಅದು ಇಂದಿನ ಕಪ್ಪು ಚಹಾವಲ್ಲ, ಹಬೆಯಲ್ಲಿ ಬೇಯಿಸಿ ಅಚ್ಚುಕಟ್ಟಿದ ಚಹಾ. ಆದರೆ ಕುದಿಸುವುದು, ಬೆರೆಸುವುದು ಚಹಾಕ್ಕೆ ನಾವು ಮಾಡಿದ ಅಪಚಾರ ಎಂಬ ಮಾತಿಗೆ ಅಷ್ಟು ಸಾಕ್ಷಿ ಸಾಕು. ಟಿಬೆಟಿನಲ್ಲಿ ಬೆಣ್ಣೆ, ಮಂಗೋಲಿಯದಲ್ಲಿ ಹಾಲು ಉಪ್ಪು ಚಹಾಕ್ಕೆ ಬೆರೆತು ಶತಮಾನಗಳೇ ಆಗಿವೆ.

ನಮ್ಮ ದೇಶದಲ್ಲಂತೂ ಜನರಿಗೆ ಚಹಾ ಕುಡಿಸುವ ಪ್ರಚಾರವನ್ನು ಬ್ರಿಟಿಷರ ಚಹಾ ಉದ್ಯಮವೇ ಕೈಗೊಂಡಿತು. 1903ರ ಸೆಸ್ ಕಾಯಿದೆಯಿಂದ ಅದಕ್ಕೆ ಹಣ ಒದಗಿತು. ರೈಲು ನಿಲ್ದಾಣಗಳಲ್ಲಿ, ಕಾರ್ಖಾನೆಗಳಲ್ಲಿ, ಸಂತೆಗಳಲ್ಲಿ ಚಹಾ ಹಂಚಿದರು, ‘ಸರಿಯಾದ’ ಚಹಾ ಮಾಡುವ ವಿಧಾನವನ್ನು ಚಿತ್ರಪಟ ಹಾಕಿ ಕಲಿಸಿದರು. ಹಾಲು ಮಸಾಲೆ ಹೆಚ್ಚಿಸಿ ಎಲೆ ಕಡಿಮೆ ಮಾಡುವ ಅಂಗಡಿಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಏಕೆಂದರೆ ಎಲೆಯ ಮಾರಾಟ ಇಳಿಯುತ್ತಿತ್ತು. ನಮ್ಮ ಜನ ಚಹಾವನ್ನು ಒಪ್ಪಿಕೊಂಡರು, ಮಾಡುವ ವಿಧಾನವನ್ನು ತಾವೇ ಕಂಡುಕೊಂಡರು. ಸ್ವಾತಂತ್ರ್ಯದ ನಂತರ ಅಗ್ಗದ, ಗಟ್ಟಿ ಸಿಟಿಸಿ ಹರಡಿದಾಗ ಅದು ಈ ವಿಧಾನಕ್ಕೆ ಸರಿಯಾಗಿ ಕೂತಿತು. ಕೂಲಿಯವನೂ ಕುಡಿಯಬಲ್ಲ ಪೇಯವಾಯಿತು. ಇದನ್ನು ನಾನು ರುಚಿಯ ಅಧಃಪತನ ಎನ್ನಲಾರೆ.

ಹಾಗೆಂದು ನಮ್ಮ ಚಹಾದಲ್ಲಿ ತಪ್ಪೇ ಇಲ್ಲವೆಂದಲ್ಲ. ಬೆಳಗಿನಿಂದ ಒಂದೇ ಚರಟವನ್ನು ಮತ್ತೆ ಮತ್ತೆ ಕುದಿಸಿ ಕೊಡುವ ಕಹಿ ನೀರನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಲೋಟದ ಕಾಲು ಭಾಗ ಸಕ್ಕರೆ ಸುರಿಯುವುದನ್ನೂ ಅಷ್ಟೇ. ಊಟದ ಬೆನ್ನಿಗೇ ಕುಡಿದ ಚಹಾ ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೂಡುವುದನ್ನು ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲೂ ನಂತರವೂ ಚಹಾ ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ರಕ್ತಹೀನತೆ ಇಷ್ಟೊಂದಿರುವ ನಾಡಿನಲ್ಲಿ, ಅದರಲ್ಲೂ ಹೆಂಗಸರು ಮಕ್ಕಳ ವಿಚಾರದಲ್ಲಿ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಇದು ಇಡೀ ಎಲೆಯ ದುಬಾರಿ ಚಹಾಕ್ಕೂ ಅನ್ವಯಿಸುವ ಮಾತು.

ನನ್ನನ್ನು ನಿಜವಾಗಿ ಕಾಡುವುದು ಈ ತಾತ್ಸಾರದ ಪರಿಣಾಮ. 2021ರ ಡಿಸೆಂಬರಿನಲ್ಲಿ ಗುವಾಹಟಿಯ ಹರಾಜಿನಲ್ಲಿ ಮನೋಹರಿ ಗೋಲ್ಡ್ ಎಂಬ ಅಸ್ಸಾಂ ಚಹಾ ಕಿಲೋಗೆ 99,999 ರೂಪಾಯಿಗೆ ಹೋದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಆ ಹರಾಜಿಗೆ ಬಂದದ್ದು ಒಂದೇ ಕಿಲೋ. ದೇಶದ ಚಹಾದಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಸಣ್ಣ ಬೆಳೆಗಾರರ ಎಲೆಯಿಂದ ಬರುತ್ತದೆ, ಅದು ಬಹುತೇಕ ಸಿಟಿಸಿಯಾಗುತ್ತದೆ. ನಮ್ಮ ಗಡಿಯಾಚೆಯೇ ಇರುವ ನೀಲಗಿರಿಯಲ್ಲಿ, ಕನ್ನಡಕ್ಕೆ ಬಲು ಹತ್ತಿರದ ನುಡಿಯಾಡುವ ಬಡಗರು ಎಕರೆ ಎರಡೆಕರೆಯ ಚಹಾ ನಂಬಿ ಬದುಕುತ್ತಿದ್ದಾರೆ. ಹಸಿರೆಲೆಗೆ ನ್ಯಾಯವಾದ ಬೆಲೆ ಕೇಳಿ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ನಾಲ್ಕರಿಂದ ಐದು ಕಿಲೋ ಹಸಿರೆಲೆ ಸೇರಿದರೆ ಒಂದು ಕಿಲೋ ಚಹಾ.

ಒಳ್ಳೆಯ ಸಿಟಿಸಿಗೂ ಬೇಕಾದದ್ದು ಎರಡು ಎಲೆ, ಒಂದು ಕುಡಿ. ಅದನ್ನು ಬಿಡಿಸಿ ಕೊಯ್ಯಲು ಕೈ ಬೇಕು, ಹೊತ್ತು ಬೇಕು, ಕೂಲಿ ಬೇಕು. ಸಿಟಿಸಿ ಹೇಗಿದ್ದರೂ ಕೀಳೇ, ಅದರಲ್ಲಿ ಒಳ್ಳೆಯದು ಕೆಟ್ಟದು ಎಂಬುದೇ ಇಲ್ಲ ಎಂದು ಕುಡಿಯುವವರು ತೀರ್ಮಾನಿಸಿದರೆ ಅವರು ನೋಡುವುದು ಬೆಲೆಯನ್ನು ಮಾತ್ರ. ಆಗ ಕಾರ್ಖಾನೆ ಒಳ್ಳೆಯ ಎಲೆಗೆ ಹೆಚ್ಚು ಕೊಡುವುದಿಲ್ಲ. ಹೆಚ್ಚು ಸಿಗದಿದ್ದರೆ ಬೆಳೆಗಾರ ಕತ್ತರಿಯಿಂದ ಬಲಿತ ಎಲೆಯನ್ನೂ ಸೇರಿಸಿ ಕತ್ತರಿಸುತ್ತಾನೆ. ಚಹಾ ಕೆಡುತ್ತದೆ, ಕೆಟ್ಟ ಚಹಾ ಮೊದಲಿನ ತೀರ್ಮಾನವನ್ನೇ ದೃಢಪಡಿಸುತ್ತದೆ. ಹೆಚ್ಚುಕಡಿಮೆ ಪೂರ್ತಿ ಸಿಟಿಸಿಯನ್ನೇ ಮಾಡುವ ಕೀನ್ಯಾ ಇಂದು ಜಗತ್ತಿಗೆ ಅತಿ ಹೆಚ್ಚು ಕಪ್ಪು ಚಹಾ ರಫ್ತು ಮಾಡುವ ದೇಶ. ಅಲ್ಲೂ ಸಣ್ಣ ಬೆಳೆಗಾರರೇ ಹೆಚ್ಚು. ಅವರ ಚಹಾಕ್ಕೆ ಹೆಸರು ಬಂದದ್ದು ಎಳೆಯ ಎಲೆಯನ್ನೇ ಕೊಯ್ಯುವ ಶಿಸ್ತಿನಿಂದ. ಯಂತ್ರ ನಮ್ಮದೂ ಅದೇ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಹಾಲಿನ ಚಹಾ ಕುಡಿಯುವವರು ಅದನ್ನು ಸಂಕೋಚವಿಲ್ಲದೆ ಕುಡಿಯಿರಿ, ಆದರೆ ಆಯ್ಕೆ ಮಾಡಿ ಕುಡಿಯಿರಿ. ಅಂಗಡಿಯಲ್ಲಿ ಇದು ಅಸ್ಸಾಮಿನದೋ ನೀಲಗಿರಿಯದೋ ಎಂದು ಕೇಳಿ. ಚಿಕ್ಕಮಗಳೂರು, ಕೊಡಗಿನಲ್ಲಿ ಬೆಳೆದದ್ದು ಸಿಕ್ಕರೆ ಅದನ್ನೂ ತಂದು ನೋಡಿ. ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ತರಬೇಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಒದ್ದೆ ಮಾಡಿದ ಬಿಳಿ ಸೋಸುಕಾಗದದ ಮೇಲೆ ಒಂದು ಚಿಟಿಕೆ ಉದುರಿಸಿ. ಕೂಡಲೇ ಬಣ್ಣ ಬಿಟ್ಟರೆ ಆ ಪುಡಿಗೆ ಬಣ್ಣ ಬೆರೆಸಿದ್ದಾರೆ, ಅದನ್ನು ವಾಪಸು ಕೊಡಿ. ಪೊಟ್ಟಣದ ಮೇಲೆ ಚಹಾ ಬೆಳೆದ ಪ್ರದೇಶದ ಹೆಸರನ್ನು ಮುದ್ರಿಸುವಂತೆ ಕಂಪನಿಗಳಿಗೆ ಬರೆಯಿರಿ. ಎಳೆಯ ಎಲೆಯ ಒಳ್ಳೆಯ ಪುಡಿಗೆ ಕಿಲೋಗೆ ಐವತ್ತು ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಿ. ಒಂದು ಲೋಟಕ್ಕೆ ಅದು ಇಪ್ಪತ್ತು ಮೂವತ್ತು ಪೈಸೆಯ ಮಾತು.